ಕಥಾಕ್ರಮ ಮತ್ತು ಶಾಸ್ತ್ರಾರ್ಥ: ಕ್ರೈಸ್ತ ವ್ಯಾಖ್ಯಾನದ ಇತಿಹಾಸದಿಂದ ಕೆಲವು ಪ್ರಸಂಗಗಳು

ಜಿನಾಗಮವನ್ನು ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ, ದ್ರವ್ಯಾನುಯೋಗಗಳೆಂದು ನಾಲ್ಕಾಗಿ ವಿಂಗಡಿಸುವ ಕ್ರಮವು ಸ್ವಾಧ್ಯಾಯನಿರತರಾದ ಶ್ರಾವಕರಿಗೆಲ್ಲ ಪರಿಚಿತವಾದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ನಾಲ್ಕರ ಲಕ್ಷಣಗಳನ್ನು ನಿರೂಪಿಸಿದ್ದಾರೆ. ತೀರ್ಥಂಕರರ, ಚಕ್ರವರ್ತಿಗಳ ಪುಣ್ಯಚರಿತೆಗಳು ಪ್ರಥಮಾನುಯೋಗಕ್ಕೆ ಸೇರುತ್ತವೆ. ಜನಸಾಮಾನ್ಯರ ಮನಸ್ಸು ಮೊದಲು ತೆರೆದುಕೊಳ್ಳುವುದು ಕಥೆಗೆ. ಆದುದರಿಂದಲೇ ಪಂಪನ ಆದಿಪುರಾಣವೂ ಚಾವುಂಡರಾಯನ ಪುರಾಣವೂ ಕನ್ನಡ ನಾಡಿನ ಜೈನ ಮನೆಗಳಲ್ಲಿ ಇಂದಿಗೂ ಗೌರವದ ಸ್ಥಾನವನ್ನು ಪಡೆದಿವೆ. ಆದರೆ ಜೈನರಲ್ಲಿ ತತ್ತ್ವವು ಕಥೆಯನ್ನು ಅವಲಂಬಿಸಿ ನಿಂತಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಒಂದು ಕಥೆಯೂ ಇಲ್ಲ. ಭರತ-ಬಾಹುಬಲಿಗಳ ವೃತ್ತಾಂತವನ್ನು ಎಂದೂ ಕೇಳದವನಿಗೂ ಜೀವಾಜೀವಾದಿ ಸಪ್ತತತ್ತ್ವಗಳು ತಿಳಿಯಬಲ್ಲವು.

ಕ್ರೈಸ್ತ ಮತದಲ್ಲಿ ಸ್ಥಿತಿ ಹೀಗಿಲ್ಲ. ಅಲ್ಲಿ ಕಥೆಯೇ ತತ್ತ್ವದ ಶರೀರ. ಬೈಬಲ್ ಎಂಬುದು ಹೆಸರಿಗೆ ಒಂದು ಗ್ರಂಥ. ವಾಸ್ತವವಾಗಿ ಅದೊಂದು ಗ್ರಂಥಭಂಡಾರ. ಪ್ರಾಟೆಸ್ಟಂಟರ ಎಣಿಕೆಯಲ್ಲಿ 66, ಕಥೋಲಿಕರ ಎಣಿಕೆಯಲ್ಲಿ 73 ಪುಸ್ತಕಗಳು ಅದರಲ್ಲಿವೆ. ವಂಶಾವಳಿ, ಶಾಸನ, ಯುದ್ಧವೃತ್ತಾಂತ, ಕೀರ್ತನೆ, ಗಾದೆ, ಪತ್ರ, ದರ್ಶನ ಎಲ್ಲವೂ ಅಲ್ಲಿ ಒಂದರ ಪಕ್ಕದಲ್ಲೊಂದು ಕುಳಿತಿವೆ. ಇವುಗಳನ್ನು ಒಂದಾಗಿ ಹಿಡಿದಿರುವುದು ಆದಿಯಿಂದ ಅಂತ್ಯದವರೆಗೆ ಹರಿಯುವ ಒಂದು ಕಥಾಸೂತ್ರ. ಯಾವ ವಾಕ್ಯಕ್ಕೆ ಎಷ್ಟು ಪ್ರಾಮಾಣ್ಯ, ಯಾವ ವಿಧಿ ಇಂದಿಗೂ ನಿಲ್ಲುತ್ತದೆ, ಯಾವುದು ಕಾಲಕ್ಕೆ ಸಂದುಹೋಯಿತು ಎಂಬುದನ್ನು ಕ್ರೈಸ್ತ ಆಚಾರ್ಯರು ನಿರ್ಣಯಿಸುವುದು ಆ ವಾಕ್ಯವು ಕಥೆಯ ಯಾವ ಘಟ್ಟದಲ್ಲಿ ಬರುತ್ತದೆ ಎಂಬುದನ್ನು ನೋಡಿ. ಈ ಓದಿನ ಕ್ರಮ ಹೇಗೆ ಹುಟ್ಟಿತು, ಯಾರನ್ನು ಕಾಪಾಡಿತು, ಯಾರಿಗೆ ಗಾಯಮಾಡಿತು ಎಂಬುದು ಶಾಸ್ತ್ರವನ್ನು ಪ್ರಮಾಣವೆಂದು ಒಪ್ಪುವ ಯಾವ ಸಮಾಜಕ್ಕೂ ಪ್ರಸ್ತುತವಾದ ವಿಷಯ.

ಕಥೆಯ ಸ್ಥೂಲರೂಪ ಇಷ್ಟು: ದೇವರು ಲೋಕವನ್ನು ಒಳ್ಳೆಯದಾಗಿ ನಿರ್ಮಿಸುತ್ತಾನೆ. ಆದಾಮ-ಹವ್ವೆಯರು ಆಜ್ಞೆಯನ್ನು ಮೀರುತ್ತಾರೆ. ಅವರ ಹಿರಿಯ ಮಗ ಕಾಯಿನನು ತಮ್ಮನಾದ ಹೇಬೆಲನನ್ನು ಕೊಲ್ಲುತ್ತಾನೆ. ಭೂಮಿಯು ಹಿಂಸೆಯಿಂದ ತುಂಬಿತೆಂಬ ಕಾರಣಕ್ಕೆ ಜಲಪ್ರಳಯವಾಗುತ್ತದೆ. ಬಳಿಕ ಅಬ್ರಹಾಮನಿಗೆ ವಾಗ್ದಾನ, ಅವನ ಸಂತತಿಗೆ ಐಗುಪ್ತದಲ್ಲಿ ದಾಸ್ಯ, ಮೋಶೆಯ ಮುಖಾಂತರ ಬಿಡುಗಡೆ, ಧರ್ಮಶಾಸ್ತ್ರ, ಕಾನಾನ್ ದೇಶದ ಆಕ್ರಮಣ, ದಾವೀದನ ರಾಜ್ಯ, ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಯೆರೂಸಲೇಮಿನ ಪತನ, ಬ್ಯಾಬಿಲೋನಿನ ಸೆರೆವಾಸ. ಇಲ್ಲಿಗೆ ಹಳೆಯ ಒಡಂಬಡಿಕೆಯ ಮುಖ್ಯ ಕಥೆ ಮುಗಿಯುತ್ತದೆ. ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಜನನ, ಬೋಧನೆ, ಶಿಲುಬೆಯ ಮರಣ, ಪುನರುತ್ಥಾನ. ಕೊನೆಗೆ ಕಣ್ಣೀರಿಲ್ಲದ ನೂತನ ಭೂಮಿಯ ದರ್ಶನ. ಕನ್ನಡದ ಬೈಬಲ್ ಅನುವಾದಕರು ಆರಿಸಿಕೊಂಡ 'ಒಡಂಬಡಿಕೆ' ಎಂಬ ಮಾತು ಬಹು ಸಮರ್ಪಕವಾದುದು. ಒಡಂಬಡಿಕೆಯಲ್ಲಿ ಎರಡು ಪಕ್ಷಗಳಿರುತ್ತವೆ, ಕಾಲವಿರುತ್ತದೆ, ಮುರಿಯುವ ಮತ್ತು ಮತ್ತೆ ಕೂಡುವ ಸಂಭವವಿರುತ್ತದೆ. ಅಂದರೆ ಆ ಹೆಸರಿನಲ್ಲಿಯೇ ಕಥೆ ಅಡಗಿದೆ. ಜಗತ್ಕರ್ತನನ್ನು ಅಂಗೀಕರಿಸದ ಜೈನದರ್ಶನಕ್ಕೆ ಈ ಕಥೆಯ ಮೊದಲ ವಾಕ್ಯವೇ ಒಪ್ಪಿಗೆಯಾಗದು ಎಂಬುದು ಬೇರೆ ಮಾತು. ಅನ್ಯರ ಶಾಸ್ತ್ರವನ್ನು ಅವರ ನಯದಿಂದಲೇ ಮೊದಲು ಅರಿಯಬೇಕೆಂಬುದು ಅನೇಕಾಂತದ ಶಿಸ್ತು.

ಈ ಕಥೆಯಲ್ಲಿ ಆರಂಭದಿಂದಲೂ ಕ್ರೈಸ್ತರನ್ನು ಕಾಡಿದ ಒಂದು ತೊಡಕಿದೆ. ಹಳೆಯ ಒಡಂಬಡಿಕೆಯಲ್ಲಿ ಹಿಂಸೆ ವಿಪುಲವಾಗಿದೆ. ಯೆಹೋಶುವನ ಗ್ರಂಥದಲ್ಲಿ ಯೆರಿಕೋ ಪಟ್ಟಣದ ಸ್ತ್ರೀಪುರುಷರನ್ನೂ ಬಾಲವೃದ್ಧರನ್ನೂ ಎತ್ತು ಕುರಿ ಕತ್ತೆಗಳನ್ನೂ ಕತ್ತಿಯಿಂದ ಸಂಹರಿಸಿದ ವರ್ಣನೆ ಬರುತ್ತದೆ. ಇದೇ ಬೈಬಲಿನ ಇನ್ನೊಂದು ಭಾಗದಲ್ಲಿ ಯೇಸು ವೈರಿಗಳನ್ನು ಪ್ರೀತಿಸಿರೆಂದು ಬೋಧಿಸುತ್ತಾನೆ. ಎರಡೂ ಒಂದೇ ದೇವರ ಮಾತಾಗಲು ಸಾಧ್ಯವೇ?

ಸಾಧ್ಯವಿಲ್ಲವೆಂದು ನಿಸ್ಸಂಕೋಚವಾಗಿ ಹೇಳಿದವನು ಮಾರ್ಸಿಯನ್. ಕಪ್ಪು ಸಮುದ್ರದ ತೀರದ ಸಿನೋಪೆ ಎಂಬ ಊರಿನಿಂದ ಬಂದ ಈತ ಹಡಗುಗಳ ಒಡೆಯ, ಸಿರಿವಂತ. ರೋಮಿನ ಕ್ರೈಸ್ತ ಸಭೆಗೆ ಸೇರಿದಾಗ ಎರಡು ಲಕ್ಷ ಸೆಸ್ಟರ್ಸ್ ನಾಣ್ಯಗಳನ್ನು ದಾನವಾಗಿ ಕೊಟ್ಟನೆಂದು ಅವನ ವಿರೋಧಿಯಾದ ತೆರ್ತುಲಿಯನ್ ಬರೆದಿದ್ದಾನೆ. ಮಾರ್ಸಿಯನ್ನನ ಸಿದ್ಧಾಂತ ಸರಳವಾಗಿತ್ತು: ಹಳೆಯ ಒಡಂಬಡಿಕೆಯ ದೇವರು ಕಠೋರ ನ್ಯಾಯದವನು, ಈ ಲೋಕವನ್ನು ಸೃಷ್ಟಿಸಿದ ಕೀಳು ದೇವರು, ಯೇಸುವಿನ ತಂದೆ ಬೇರೊಬ್ಬ ಕರುಣಾಳು ದೇವರು. ಆದಕಾರಣ ಅವನು ಹಳೆಯ ಒಡಂಬಡಿಕೆಯನ್ನು ಸಂಪೂರ್ಣವಾಗಿ ತ್ಯಜಿಸಿ, ಲೂಕನ ಸುವಾರ್ತೆಯ ಒಂದು ಪಾಠವನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಉಳಿಸಿಕೊಂಡನು. ಕ್ರಿ.ಶ. 144ರಲ್ಲಿ ರೋಮಿನ ಸಭೆ ಅವನನ್ನು ಹೊರಹಾಕಿತು. ಅವನ ಹಣವನ್ನೂ ಹಿಂದಿರುಗಿಸಿತು. ಭಿನ್ನಾಭಿಪ್ರಾಯ ಬಂದಾಗ ದಾನದ್ರವ್ಯವನ್ನು ಮರಳಿಸಿದ ಉದಾಹರಣೆಗಳು ಧರ್ಮಸಂಸ್ಥೆಗಳ ಚರಿತ್ರೆಯಲ್ಲಿ ವಿರಳ.

ಅಹಿಂಸೆಯನ್ನು ಪರಮಧರ್ಮವೆಂದು ನಂಬುವವರಿಗೆ ಮಾರ್ಸಿಯನ್ನನ ಬಗೆಗೆ ಒಮ್ಮೆಗೆ ಸಹಾನುಭೂತಿ ಮೂಡುವುದು ಸಹಜ. ಆದರೆ ಅವನಿಗೆ ಉತ್ತರ ಕೊಟ್ಟವರ ವಾದವನ್ನೂ ಕೇಳಬೇಕು. ಅವರಲ್ಲಿ ಮುಖ್ಯನಾದವನು ಇರೇನಿಯಸ್. ಏಷ್ಯಾ ಮೈನರಿನ ಸ್ಮುರ್ನದಲ್ಲಿ ಬೆಳೆದು, ಇಂದಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ ಬಿಷಪ್ಪನಾದ ಈತ 180ರ ಸುಮಾರಿಗೆ ಪಾಷಂಡಮತಗಳನ್ನು ಖಂಡಿಸಿ ಐದು ಭಾಗಗಳ ಗ್ರಂಥವೊಂದನ್ನು ರಚಿಸಿದನು. ಅದರಲ್ಲಿ ಒಂದು ಉಪಮೆ ಬರುತ್ತದೆ. ಕುಶಲ ಶಿಲ್ಪಿಯೊಬ್ಬನು ಬೆಲೆಬಾಳುವ ಹರಳುಗಳನ್ನು ಜೋಡಿಸಿ ರಾಜನ ಚಿತ್ರವನ್ನು ಮಾಡಿರುತ್ತಾನೆ. ಬೇರೊಬ್ಬನು ಬಂದು ಅವೇ ಹರಳುಗಳನ್ನು ಕಿತ್ತು ನಾಯಿಯದೋ ನರಿಯದೋ ಆಕಾರದಲ್ಲಿ ಜೋಡಿಸಿ, ರಾಜನ ಚಿತ್ರವೆಂದರೆ ಇದೇ ಎಂದು ಜನರಿಗೆ ತೋರಿಸುತ್ತಾನೆ. ಹರಳುಗಳು ಅಸಲಿ, ಚಿತ್ರ ಮಾತ್ರ ಸುಳ್ಳು. ಶಾಸ್ತ್ರವಾಕ್ಯಗಳನ್ನು ಅವುಗಳ ಕ್ರಮದಿಂದ ಬೇರ್ಪಡಿಸಿ ಬಳಸುವವರು ಮಾಡುವುದು ಇದನ್ನೇ ಎಂಬುದು ಇರೇನಿಯಸನ ಆಕ್ಷೇಪ. ಈ ಉಪಮೆಯನ್ನು ಅವನು ನೇರವಾಗಿ ಪ್ರಯೋಗಿಸಿದ್ದು ವಲೆಂಟಿನಸನ ಅನುಯಾಯಿಗಳ ಮೇಲೆ. ಆದರೂ ಹರಳುಗಳನ್ನು ಕಿತ್ತು ಎಸೆದ ಮಾರ್ಸಿಯನ್ನನಿಗೂ ಅದು ಅನ್ವಯಿಸುತ್ತದೆ.

ಹಾಗಾದರೆ ಹಿಂಸೆಯ ಪ್ರಸಂಗಗಳಿಗೆ ಇರೇನಿಯಸನ ಸಮಾಧಾನವೇನು? ಮನುಷ್ಯಕುಲವು ಆರಂಭದಲ್ಲಿ ಶಿಶುವಿನಂತಿತ್ತು. ದೇವರು ಅದನ್ನು ಹಂತಹಂತವಾಗಿ ಬೆಳೆಸಿದನು. ಒಂದು ಹಂತಕ್ಕೆ ತಕ್ಕ ವಿಧಿ ಮುಂದಿನ ಹಂತಕ್ಕೆ ಸಲ್ಲಬೇಕಾಗಿಲ್ಲ ಎಂಬುದು ಅವನ ನಿಲುವು. ಆದಾಮನಲ್ಲಿ ಕೆಟ್ಟುದು ಕ್ರಿಸ್ತನಲ್ಲಿ ಮೊದಲಿನಿಂದ ಮತ್ತೆ ಎತ್ತಿಕೊಳ್ಳಲ್ಪಟ್ಟು ಸರಿಯಾಯಿತೆಂದು ಅವನು ಕಥೆಯ ಎರಡು ತುದಿಗಳನ್ನು ಕೂಡಿಸಿದನು. ಮುಂದಿನ ಹದಿನೆಂಟು ಶತಮಾನಗಳ ಕ್ರೈಸ್ತ ವ್ಯಾಖ್ಯಾನವು ಬಹುಮಟ್ಟಿಗೆ ಈ ತಳಪಾಯದ ಮೇಲೆ ನಿಂತಿದೆ. ಈ ಸಮಾಧಾನ ಯೆರಿಕೋವಿನ ಮಕ್ಕಳಿಗೆ ಏನನ್ನು ಹೇಳುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ. ಶಿಷ್ಯನ ಬಾಲ್ಯವು ಗುರುವಿನ ಆಜ್ಞೆಯನ್ನು ನಿರ್ದೋಷಿಯನ್ನಾಗಿ ಮಾಡಲಾರದು.

ಇರೇನಿಯಸನ ಕ್ರಮಕ್ಕೆ ಯೇಸುವಿನ ಮಾತಿನಲ್ಲಿಯೇ ಒಂದು ಆಧಾರವಿದೆ. ಮೋಶೆಯ ಧರ್ಮಶಾಸ್ತ್ರವು ಹೆಂಡತಿಯನ್ನು ತ್ಯಜಿಸಲು ಅವಕಾಶ ಕೊಡುತ್ತದಲ್ಲವೇ ಎಂದು ಕೆಲವರು ಕೇಳಿದಾಗ ಯೇಸು ಕೊಟ್ಟ ಉತ್ತರ ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿದೆ. ಜನರ ಹೃದಯಗಳು ಕಠಿಣವಾಗಿದ್ದುದರಿಂದ ಮೋಶೆ ಅದಕ್ಕೆ ಅನುಮತಿ ಕೊಟ್ಟನು, ಆದರೆ ಆದಿಯಲ್ಲಿ ಹಾಗಿರಲಿಲ್ಲ ಎಂಬುದು ಅದರ ತಾತ್ಪರ್ಯ. ಶಾಸ್ತ್ರದಲ್ಲಿ ಬರೆದಿರುವ ಒಂದು ಅನುಮತಿಯನ್ನು ಯೇಸು ಅಲ್ಲಗಳೆಯುವುದಿಲ್ಲ; ಅದನ್ನು ಕಥೆಯಲ್ಲಿ ಅದರ ಸ್ಥಾನಕ್ಕೆ ಸರಿಸಿಡುತ್ತಾನೆ. ಆದಿಯ ಆಶಯ ಮೇಲು, ನಡುವಣ ಅನುಮತಿ ಕೀಳು.

ಈ ಅಳತೆಗೋಲನ್ನು ಆಹಾರದ ವಿಷಯಕ್ಕೆ ಹಿಡಿದರೆ ಏನಾಗುತ್ತದೆ ಎಂಬುದು ಜೈನ ಓದುಗರಿಗೆ ವಿಶೇಷ ಕುತೂಹಲದ ಸಂಗತಿ. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಮನುಷ್ಯನಿಗೆ ಆಹಾರವಾಗಿ ವಿಧಿಸಲ್ಪಟ್ಟಿರುವುದು ಬೀಜಬಿಡುವ ಪೈರುಗಳು ಮತ್ತು ಮರದ ಹಣ್ಣುಗಳು. ಮೃಗಪಕ್ಷಿಗಳಿಗೂ ಹಸುರು ಪೈರೇ ಆಹಾರ. ಮಾಂಸಕ್ಕೆ ಅನುಮತಿ ಬರುವುದು ಒಂಬತ್ತನೆಯ ಅಧ್ಯಾಯದಲ್ಲಿ, ಜಲಪ್ರಳಯದ ಬಳಿಕ ನೋಹನಿಗೆ. ಅಲ್ಲಿಯೂ ರಕ್ತವನ್ನು ತಿನ್ನಬಾರದೆಂಬ ನಿರ್ಬಂಧವುಂಟು. ಬರಲಿರುವ ಶಾಂತಿಯ ರಾಜ್ಯವನ್ನು ಯೆಶಾಯನು ವರ್ಣಿಸುವಾಗ ತೋಳವು ಕುರಿಮರಿಯ ಸಂಗಡ ವಾಸಿಸುತ್ತದೆ, ಸಿಂಹವು ಎತ್ತಿನಂತೆ ಹುಲ್ಲು ಮೇಯುತ್ತದೆ. ಸಮವಸರಣದಲ್ಲಿ ವೈರವನ್ನು ಮರೆತು ಕೂಡುವ ಪ್ರಾಣಿಗಳ ಚಿತ್ರವನ್ನು ಕಂಡವರಿಗೆ ಈ ವರ್ಣನೆ ಅಪರಿಚಿತವೆನಿಸದು. ಅಂದರೆ ಕಥೆಯ ಎರಡು ತುದಿಗಳಲ್ಲಿಯೂ ಕೊಲೆಯಿಲ್ಲ. ಕೊಲೆ ಇರುವುದು ನಡುವೆ.

ಇದನ್ನು ಸ್ಪಷ್ಟವಾಗಿ ಗುರುತಿಸಿದವನು ಬೆತ್ಲೆಹೇಮಿನಲ್ಲಿ ಸನ್ಯಾಸಿಯಾಗಿ ನೆಲೆಸಿದ್ದ ಜೆರೋಮ್. 393ರಲ್ಲಿ ಜೊವಿನಿಯನ್ ಎಂಬುವನನ್ನು ಖಂಡಿಸುತ್ತ, ವಿವಾಹತ್ಯಾಗದ ಅನುಮತಿಯಂತೆಯೇ ಮಾಂಸದ ಅನುಮತಿಯೂ ಆದಿಯಲ್ಲಿರಲಿಲ್ಲ, ಕ್ರಿಸ್ತನು ಕೊನೆಯನ್ನು ಆದಿಗೆ ತಿರುಗಿಸಿದ್ದಾನೆ ಎಂದು ಅವನು ವಾದಿಸಿದನು. ಆದರೆ ಅವನ ಉದ್ದೇಶ ಇಂದ್ರಿಯನಿಗ್ರಹವೇ ಹೊರತು ಪ್ರಾಣಿದಯೆಯಲ್ಲ. ಬೆನೆಡಿಕ್ಟನ ನಿಯಮಾವಳಿಯು ರೋಗಿಗಳಲ್ಲದ ಸನ್ಯಾಸಿಗಳಿಗೆ ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ನಿಷೇಧಿಸಿತು. ಗೃಹಸ್ಥರಿಗೆ ಅಂಥ ನಿಯಮ ಬರಲಿಲ್ಲ. ಆಹಾರದ ವಿಷಯದಲ್ಲಿ ಒಬ್ಬರನ್ನೊಬ್ಬರು ತೀರ್ಪು ಮಾಡಬಾರದೆಂಬ ಪೌಲನ ಮಾತನ್ನೇ ಬಹುಸಂಖ್ಯಾತರು ಅಂತಿಮವೆಂದು ಹಿಡಿದರು. 1809ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೊಂದಿಕೊಂಡ ಸಾಲ್ಫರ್ಡಿನಲ್ಲಿ ವಿಲಿಯಂ ಕೌಹರ್ಡ್ ಎಂಬ ಬೋಧಕನು ಮಾಂಸ ಮದ್ಯಗಳ ತ್ಯಾಗವನ್ನು ಸದಸ್ಯತ್ವದ ಕಟ್ಟಳೆಯಾಗಿಸಿ ಬೈಬಲ್ ಕ್ರಿಶ್ಚಿಯನ್ ಚರ್ಚ್ ಎಂಬ ಸಭೆಯನ್ನು ಸ್ಥಾಪಿಸಿದನು. ಅದರ ಸದಸ್ಯರ ಒಂದು ತಂಡ 1817ರಲ್ಲಿ ಅಮೆರಿಕದ ಫಿಲಡೆಲ್ಫಿಯಕ್ಕೆ ವಲಸೆ ಹೋಯಿತು. 1847ರಲ್ಲಿ ರಾಮ್ಸ್‌ಗೇಟಿನಲ್ಲಿ ಸಸ್ಯಾಹಾರಿಗಳ ಸಂಘ ಸ್ಥಾಪನೆಯಾದಾಗ ಆ ಸಭೆಯ ಅಧ್ಯಕ್ಷತೆ ವಹಿಸಿದವನು ಇದೇ ಚರ್ಚಿನವನೂ ಸಾಲ್ಫರ್ಡಿನ ಪಾರ್ಲಿಮೆಂಟ್ ಸದಸ್ಯನೂ ಆದ ಜೋಸೆಫ್ ಬ್ರದರ್ಟನ್. ಪಶ್ಚಿಮದ ಆಧುನಿಕ ಸಸ್ಯಾಹಾರ ಚಳವಳಿಯ ಬೇರುಗಳಲ್ಲಿ ಒಂದು ಆದಿಕಾಂಡದ ಮೊದಲ ಅಧ್ಯಾಯಕ್ಕೆ ಇಳಿದಿದೆ ಎಂಬುದು ಅನೇಕ ಕ್ರೈಸ್ತರಿಗೇ ತಿಳಿಯದ ಸಂಗತಿ.

ಯಜ್ಞಪಶುವಿನ ವಿಷಯವೂ ಇದೇ ದಾರಿಯಲ್ಲಿ ಸಾಗಿತು. ಯಾಜಕಕಾಂಡದಲ್ಲಿ ಪಶುಬಲಿಯ ವಿಧಿಗಳು ವಿಸ್ತಾರವಾಗಿವೆ. ಆದರೆ ಆಮೋಸ, ಹೋಶೇಯ, ಮೀಕ, ಯೆಶಾಯ ಮೊದಲಾದ ಪ್ರವಾದಿಗಳು ನ್ಯಾಯವೂ ದಯೆಯೂ ಇಲ್ಲದ ಬಲಿಯನ್ನು ದೇವರು ಮೂಸಿಯೂ ನೋಡನೆಂದು ಗುಡುಗಿದರು. ಯಜ್ಞಕ್ಕಿಂತ ಕರುಣೆಯೇ ಬೇಕೆಂಬ ಹೋಶೇಯನ ಮಾತನ್ನು ಯೇಸು ಎರಡು ಬಾರಿ ಉದ್ಧರಿಸಿದನೆಂದು ಮತ್ತಾಯನು ಬರೆದಿದ್ದಾನೆ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯವು ಯೆರೂಸಲೇಮಿನ ದೇವಾಲಯವನ್ನು ಕೆಡವಿತು. ಅಂದಿನಿಂದ ಯೆಹೂದ್ಯರಲ್ಲಿಯೂ ಅಲ್ಲಿನ ಬಲಿ ನಿಂತುಹೋಯಿತು. ಇಬ್ರಿಯರಿಗೆ ಬರೆದ ಪತ್ರವು ಯೇಸುವಿನ ಮರಣವೇ ಕೊನೆಯ ಬಲಿ, ಇನ್ನು ಬೇರೆ ಬಲಿ ಬೇಡ ಎಂದು ಕಥೆಯ ಆ ಎಳೆಯನ್ನು ಮುಗಿಸುತ್ತದೆ. ಜನ್ನನ ಯಶೋಧರಚರಿತೆಯನ್ನು ಓದಿದವರು ಇಲ್ಲಿ ಒಂದು ಕ್ಷಣ ನಿಲ್ಲುವುದು ಅನಿವಾರ್ಯ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನಿಗೆ ಸಂಕಲ್ಪಹಿಂಸೆಯ ಫಲವಾಗಿ ಭವಭವಗಳ ತಿರ್ಯಗ್ಜನ್ಮ ಒದಗಿತು. ಜೈನರಲ್ಲಿ ಬಲಿಯ ಸಮಸ್ಯೆ ಬಲಿಕೊಡುವವನ ಪರಿಣಾಮದಲ್ಲಿದೆ. ಒಬ್ಬನ ಕರ್ಮವನ್ನು ಮತ್ತೊಬ್ಬನು ಹೊತ್ತು ಕಳೆಯಲಾರನು. ಈ ಎರಡು ನಿಲುವುಗಳಿಗೆ ಸಂಧಾನ ಹುಡುಕುವುದು ವ್ಯರ್ಥ. ಬಲಿಪೀಠವು ಬರಿದಾಗಬೇಕೆಂಬ ಗಮ್ಯಕ್ಕೆ ಎರಡು ಕಥೆಗಳೂ ಬಂದು ಸೇರಿದವೆಂಬುದು ಮಾತ್ರ ನಿಜ.

ಕಥಾಕ್ರಮದ ಓದಿಗೆ ಒಂದು ಕರಾಳ ಮುಖವೂ ಇದೆ. ಸಾರ್ದಿಸಿನ ಬಿಷಪ್ ಮೆಲಿಟೋ ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಪಸ್ಕ ಹಬ್ಬವನ್ನು ಕುರಿತು ನೀಡಿದ ಉಪದೇಶವೊಂದು ದೊರೆತಿದ್ದು, 1940ರಲ್ಲಿ ಮುದ್ರಣಗೊಂಡಿತು. ಐಗುಪ್ತದಲ್ಲಿ ಕೊಯ್ದ ಕುರಿಮರಿಯು ಕ್ರಿಸ್ತನ ಮುನ್ನೆರಳು ಎಂದು ಅವನು ಅತ್ಯಂತ ಕಾವ್ಯಮಯವಾಗಿ ವಿವರಿಸುತ್ತಾನೆ. ಶಿಲ್ಪಿಯು ಮೊದಲು ಮೇಣದಲ್ಲೋ ಮಣ್ಣಿನಲ್ಲೋ ಮಾದರಿ ಮಾಡುತ್ತಾನೆ. ಶಿಲ್ಪ ಸಿದ್ಧವಾದ ಮೇಲೆ ಮಾದರಿಗೆ ಬೆಲೆಯಿಲ್ಲ ಎಂಬುದು ಅವನ ಹೋಲಿಕೆ. ಮಣ್ಣಿನ ಮಾದರಿಗೆ ನೋವಿಲ್ಲ. ಆದರೆ ಇಲ್ಲಿ ಮಾದರಿಯೆನಿಸಿಕೊಂಡವರು ಬದುಕಿದ್ದ ಒಂದು ಜನಾಂಗ. ಅದೇ ಉಪದೇಶದಲ್ಲಿ ಮೆಲಿಟೋ ಯೆಹೂದ್ಯರ ಮೇಲೆ ದೇವರನ್ನು ಕೊಂದ ಆರೋಪವನ್ನು ಹೊರಿಸಿದನು. ಕಥೆ ನಿಮ್ಮನ್ನು ದಾಟಿ ಮುಂದೆ ಹೋಯಿತು, ನೀವು ಕಳೆದ ಅಧ್ಯಾಯದವರು ಎಂದು ನೆರೆಹೊರೆಯವರಿಗೆ ಹೇಳುವ ಈ ಅಭ್ಯಾಸದಿಂದ ಯುರೋಪಿನ ಯೆಹೂದ್ಯರು ಅನುಭವಿಸಿದ ಯಾತನೆ ಅಪಾರ. ಯೇಸುವಿನ ಮರಣಕ್ಕೆ ಅಂದಿನ ಎಲ್ಲ ಯೆಹೂದ್ಯರನ್ನಾಗಲಿ ಇಂದಿನವರನ್ನಾಗಲಿ ಹೊಣೆ ಮಾಡಲಾಗದೆಂದು ಕಥೋಲಿಕ ಸಭೆಯು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಘೋಷಿಸಿದ್ದು 1965ರ ಅಕ್ಟೋಬರ್ 28ರಂದು. ಆ ವೇಳೆಗೆ ಅರವತ್ತು ಲಕ್ಷ ಯೆಹೂದ್ಯರ ಕಗ್ಗೊಲೆ ನಡೆದು ಇಪ್ಪತ್ತು ವರ್ಷಗಳಾಗಿದ್ದವು.

ಇಲ್ಲಿಂದ ತಿಳಿಯುವುದೇನೆಂದರೆ, ಕಥಾಕ್ರಮವನ್ನು ಒಪ್ಪಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಈ ಕಥೆಯಲ್ಲಿ ಓದುಗನು ತನ್ನನ್ನು ಯಾರ ಸ್ಥಾನದಲ್ಲಿ ಇರಿಸಿಕೊಳ್ಳುತ್ತಾನೆ ಎಂಬುದು ಅಷ್ಟೇ ಮುಖ್ಯ. ಅಮೆರಿಕಕ್ಕೆ ವಲಸೆ ಹೋದ ಇಂಗ್ಲಿಷ್ ಪ್ಯೂರಿಟನ್ನರು ತಮ್ಮನ್ನು ಹೊಸ ಇಸ್ರಾಯೇಲ್ಯರೆಂದು ಭಾವಿಸಿಕೊಂಡಾಗ ಅಲ್ಲಿನ ಮೂಲನಿವಾಸಿಗಳು ತಾವಾಗಿಯೇ ಕಾನಾನ್ಯರ ಸ್ಥಾನಕ್ಕೆ ತಳ್ಳಲ್ಪಟ್ಟರು. ಅದೇ ಖಂಡದಲ್ಲಿ ಆಫ್ರಿಕದಿಂದ ಸರಪಳಿ ಹಾಕಿ ತಂದ ಗುಲಾಮರು ಆ ಕಥೆಯನ್ನು ಕೇಳಿದಾಗ ತಾವೇ ಇಸ್ರಾಯೇಲ್ಯರೆಂದೂ ಒಡೆಯನೇ ಫರೋಹನೆಂದೂ ಅರಿತರು. ಒಡೆಯರಿಗೂ ಇದು ಅರ್ಥವಾಗದೆ ಇರಲಿಲ್ಲ.

1807ರಲ್ಲಿ ಲಂಡನ್ನಿನಲ್ಲಿ ಮುದ್ರಣಗೊಂಡ ಒಂದು ಪುಸ್ತಕವು ಇದಕ್ಕೆ ಸಾಕ್ಷಿ. ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳ ನೀಗ್ರೋ ಗುಲಾಮರ ಉಪಯೋಗಕ್ಕಾಗಿ ಪವಿತ್ರ ಬೈಬಲಿನಿಂದ ಆಯ್ದ ಭಾಗಗಳು ಎಂದು ಅದರ ಶೀರ್ಷಿಕೆಯ ಅರ್ಥ. ಇಂದು ಅದನ್ನು 'ಗುಲಾಮರ ಬೈಬಲ್' ಎಂದು ಕರೆಯುವುದು ರೂಢಿ. ಸಂಪೂರ್ಣ ಬೈಬಲಿನ 1,189 ಅಧ್ಯಾಯಗಳಲ್ಲಿ ಇದರಲ್ಲಿರುವುದು 232 ಮಾತ್ರ. ಹಳೆಯ ಒಡಂಬಡಿಕೆಯ ಹತ್ತರಲ್ಲಿ ಒಂಬತ್ತು ಪಾಲು, ಹೊಸ ಒಡಂಬಡಿಕೆಯ ಅರ್ಧದಷ್ಟು ಕಾಣೆಯಾಗಿವೆ. ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ಗಮನಿಸಬೇಕು. ಯೋಸೇಫನು ಐಗುಪ್ತಕ್ಕೆ ಗುಲಾಮನಾಗಿ ಮಾರಲ್ಪಟ್ಟು ಒಡೆಯನಿಗೆ ನಿಷ್ಠೆಯಿಂದ ದುಡಿದ ಕಥೆ ಇದೆ. ವಿಮೋಚನಕಾಂಡದ ಮೊದಲ ಹದಿನೆಂಟು ಅಧ್ಯಾಯಗಳು, ಅಂದರೆ ದಾಸ್ಯ, ಮೋಶೆ, ಫರೋಹ, ಸಮುದ್ರ ದಾಟಿದ ಬಿಡುಗಡೆ, ಇಲ್ಲ. ಬಳಿಕ ಸೀನಾಯಿ ಬೆಟ್ಟದಲ್ಲಿ ಕೊಟ್ಟ ದಶಾಜ್ಞೆಗಳು ಇವೆ. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂದು ಎಫೆಸದವರಿಗೆ ಬರೆದ ಪತ್ರದ ಮಾತು ಇದೆ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂದು ಗಲಾತ್ಯದವರಿಗೆ ಬರೆದ ಮಾತು ಇಲ್ಲ. ಕೀರ್ತನೆಗಳಿಲ್ಲ. ಕಥೆಗೆ ಅಂತ್ಯವನ್ನು ಕೊಡುವ ಪ್ರಕಟನೆಯ ಗ್ರಂಥವೂ ಇಲ್ಲ.

ಇದನ್ನು ಮಾಡಿಸಿದವರನ್ನು ಕೇವಲ ಕ್ರೂರಿಗಳೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಪುಸ್ತಕವನ್ನು ಪ್ರಕಟಿಸಿದ್ದು ಗುಲಾಮರ ಧರ್ಮಶಿಕ್ಷಣಕ್ಕಾಗಿ ಸ್ಥಾಪಿತವಾಗಿದ್ದ ಒಂದು ಸಂಘದ ಪರವಾಗಿ. ಅದರ ಮುಂದಾಳು ಲಂಡನ್ನಿನ ಬಿಷಪ್ ಬೈಲ್ಬಿ ಪೋರ್ಟಿಯಸ್. ಇದೇ ಪೋರ್ಟಿಯಸ್ 1783ರಲ್ಲಿ, ಬಾರ್ಬೇಡೋಸಿನಲ್ಲಿ ತನ್ನದೇ ಚರ್ಚಿನ ಸಂಸ್ಥೆಯ ಒಡೆತನದಲ್ಲಿದ್ದ ತೋಟದ ಗುಲಾಮರ ಸ್ಥಿತಿಯನ್ನು ಸುಧಾರಿಸಬೇಕೆಂದು ಧೈರ್ಯವಾಗಿ ಉಪದೇಶ ಮಾಡಿದ್ದವನು. ಗುಲಾಮರ ವ್ಯಾಪಾರವನ್ನು ವಿರೋಧಿಸಿದವನು. ಆದರೆ ತೋಟದ ಒಡೆಯರ ಅನುಮತಿಯಿಲ್ಲದೆ ಬೋಧಕರು ಗುಲಾಮರ ಬಳಿಗೆ ಹೋಗುವಂತಿರಲಿಲ್ಲ. 1791ರಲ್ಲಿ ದಂಗೆಯೆದ್ದ ಹೈಟಿಯ ಗುಲಾಮರು 1804ರಲ್ಲಿ ಸ್ವತಂತ್ರ ರಾಷ್ಟ್ರವನ್ನೇ ಸ್ಥಾಪಿಸಿದ್ದರಿಂದ ಒಡೆಯರ ಭಯ ಇಮ್ಮಡಿಯಾಗಿತ್ತು. ಒಳ್ಳೆಯ ಕಾರ್ಯಕ್ಕೆ ಬಲಿಷ್ಠರ ಒಪ್ಪಿಗೆ ಬೇಕಾದಾಗ ಶಾಸ್ತ್ರವನ್ನು ಎಷ್ಟು ಕತ್ತರಿಸಬಹುದು ಎಂಬ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಧರ್ಮಸಂಸ್ಥೆಗಳನ್ನು ನಡೆಸುವವರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಆ ಪುಸ್ತಕದಲ್ಲಿರುವ ಒಂದೊಂದು ವಾಕ್ಯವೂ ಬೈಬಲಿನದೇ. ಇರೇನಿಯಸನ ಮಾತಿನಲ್ಲಿ ಹೇಳುವುದಾದರೆ ಹರಳುಗಳು ಅಸಲಿ.

ಕತ್ತರಿಸಿದ ಕಥೆ ಗುಲಾಮರ ಕಿವಿಗೆ ಬೀಳದೆ ಹೋಗಲಿಲ್ಲ. ದಕ್ಷಿಣ ಕೆರೊಲಿನದ ಚಾರ್ಲ್ಸ್‌ಟನ್ ನಗರದಲ್ಲಿ ಡೆನ್ಮಾರ್ಕ್ ವೀಸಿ ಎಂಬ ಬಡಗಿಯಿದ್ದನು. ಲಾಟರಿಯಲ್ಲಿ ಗೆದ್ದ ಹಣದಿಂದ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡಿದ್ದ ಅವನು, ಇಸ್ರಾಯೇಲ್ಯರು ಐಗುಪ್ತದಿಂದ ಹೊರಟ ವೃತ್ತಾಂತವನ್ನು ಗುಲಾಮರಿಗೆ ಓದಿ ಹೇಳುತ್ತಿದ್ದನೆಂದು ನ್ಯಾಯಾಲಯದ ದಾಖಲೆಗಳಲ್ಲಿದೆ. ದಂಗೆಯ ಸಂಚಿನ ಆರೋಪದ ಮೇಲೆ 1822ರಲ್ಲಿ ಅವನನ್ನೂ ಇತರ 34 ಮಂದಿಯನ್ನೂ ಗಲ್ಲಿಗೇರಿಸಲಾಯಿತು. ಸಂಚಿನ ದಾರಿ ಅಹಿಂಸೆಯದಾಗಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ; ವಿಮೋಚನೆಯ ಕಥೆಯ ಜೊತೆಗೆ ಯೆರಿಕೋವಿನ ಕಥೆಯೂ ಅವನ ಬೈಬಲಿನಲ್ಲಿತ್ತು. 1834ರಲ್ಲಿ ಅದೇ ರಾಜ್ಯವು ಗುಲಾಮರಿಗೆ ಓದು ಕಲಿಸುವುದನ್ನು ಅಪರಾಧವೆಂದು ಸಾರಿತು.

ಗುಲಾಮಗಿರಿಯ ಸಮರ್ಥಕರು ವಾಕ್ಯಗಳನ್ನು ಎಣಿಸಿದರು. ಅಬ್ರಹಾಮನಿಗೆ ದಾಸರಿದ್ದರು, ಯಾಜಕಕಾಂಡವು ಅನ್ಯಜನಾಂಗದ ದಾಸರನ್ನು ಕೊಳ್ಳಲು ಅನುಮತಿಸುತ್ತದೆ, ಪೌಲನು ಓಡಿಬಂದ ಒನೇಸಿಮನನ್ನು ಒಡೆಯ ಫಿಲೆಮೋನನ ಬಳಿಗೆ ಹಿಂದಕ್ಕೆ ಕಳುಹಿಸಿದನು. ವರ್ಜೀನಿಯದ ಬ್ಯಾಪ್ಟಿಸ್ಟ್ ಬೋಧಕ ಥಾರ್ನ್‌ಟನ್ ಸ್ಟ್ರಿಂಗ್‌ಫೆಲೊ 1841ರಲ್ಲಿ ಇಂಥ ವಾಕ್ಯಗಳನ್ನು ಕ್ರಮವಾಗಿ ಜೋಡಿಸಿ ಪ್ರಬಂಧವನ್ನೇ ಬರೆದನು. ನೋಹನ ಶಾಪವನ್ನು ಕಪ್ಪು ಜನರಿಗೆ ಅಂಟಿಸಿದವರೂ ಇದ್ದರು. ಮೂಲದಲ್ಲಿ ಶಾಪವಿರುವುದು ಕಾನಾನನಿಗೆ, ಮೈಬಣ್ಣದ ಪ್ರಸ್ತಾಪವೇ ಅಲ್ಲಿಲ್ಲ. ವಿರೋಧಿಗಳ ಪಕ್ಷಕ್ಕೆ ಥಿಯೊಡೋರ್ ವೆಲ್ಡನ 1837ರ ಗ್ರಂಥದಂಥ ಆಧಾರಗಳಿದ್ದವು. ಆದರೂ ಬಿಡಿಬಿಡಿ ವಾಕ್ಯಗಳ ಎಣಿಕೆಯಲ್ಲಿ ಅವರು ಹಲವು ಬಾರಿ ಹಿಂದೆ ಬಿದ್ದರೆಂದು ಒಪ್ಪಬೇಕು. ಅವರ ಬಲವಿದ್ದುದು ಕಥೆಯ ಓಟದಲ್ಲಿ: ಎಲ್ಲರೂ ಒಬ್ಬನೇ ದೇವರ ಸ್ವರೂಪದಲ್ಲಿ ಉಂಟಾದವರೆಂಬ ಆರಂಭ, ದಾಸರ ಮೊರೆಯನ್ನು ಕೇಳಿದ ದೇವರೆಂಬ ನಡುಘಟ್ಟ, ಒನೇಸಿಮನನ್ನು ಇನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸ್ವೀಕರಿಸೆಂಬ ಪೌಲನ ಕೋರಿಕೆ. ವಾದ ತೀರದೆ ಸಭೆಗಳು ಸೀಳಿದವು. 1845ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರು ಬೇರೆಯಾದರು. ಅದರಲ್ಲಿ ಗುಲಾಮಗಿರಿಯ ಪಾತ್ರವನ್ನು ಒಪ್ಪಿಕೊಂಡು ಅವರ ಸಭೆ ಕ್ಷಮೆ ಕೋರಿದ್ದು 1995ರಲ್ಲಿ. ಎರಡು ಪಕ್ಷದವರೂ ಒಂದೇ ಬೈಬಲನ್ನು ಓದುತ್ತ ಒಬ್ಬನೇ ದೇವರನ್ನು ಪ್ರಾರ್ಥಿಸುತ್ತಿದ್ದಾರೆಂದು ಅಧ್ಯಕ್ಷ ಲಿಂಕನ್ 1865ರ ಮಾರ್ಚ್ 4ರಂದು ಹೇಳಿದಾಗ ಅಂತರ್ಯುದ್ಧ ಲಕ್ಷಾಂತರ ಜನರನ್ನು ನುಂಗಿಯಾಗಿತ್ತು.

ಹೊವರ್ಡ್ ಥರ್ಮನ್ ಎಂಬ ಕರಿಯ ಧರ್ಮಚಿಂತಕನು 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನ ಅಜ್ಜಿಯ ವಿಚಾರವನ್ನು ಹೇಳಿಕೊಂಡಿದ್ದಾನೆ. ಈ ಥರ್ಮನ್ 1936ರಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಕಂಡು ಅಹಿಂಸೆಯನ್ನು ಕುರಿತು ಸಂವಾದಿಸಿದವನು. ಗುಲಾಮಳಾಗಿ ಹುಟ್ಟಿದ್ದ ಅಜ್ಜಿಗೆ ಓದು ಬರುತ್ತಿರಲಿಲ್ಲ. ಬಾಲಕ ಥರ್ಮನ್ ಬೈಬಲನ್ನು ಓದಿ ಹೇಳುತ್ತಿದ್ದನು. ಕೀರ್ತನೆ, ಯೆಶಾಯ, ಸುವಾರ್ತೆಗಳನ್ನು ಆಕೆ ಮತ್ತೆ ಮತ್ತೆ ಕೇಳುತ್ತಿದ್ದಳು. ಪೌಲನ ಪತ್ರಗಳನ್ನು ಮಾತ್ರ ಓದಗೊಡುತ್ತಿರಲಿಲ್ಲ. ಪ್ರೀತಿಯನ್ನು ಕುರಿತ ಒಂದು ಅಧ್ಯಾಯಕ್ಕೆ ಮಾತ್ರ ಆಗಾಗ ವಿನಾಯಿತಿ. ಬಹುಕಾಲದ ಮೇಲೆ ಕಾರಣ ಕೇಳಿದಾಗ ಆಕೆ ಹೇಳಿದ್ದಿಷ್ಟು: ಗುಲಾಮಗಿರಿಯ ದಿನಗಳಲ್ಲಿ ಒಡೆಯನು ಕರೆಸುತ್ತಿದ್ದ ಬಿಳಿಯ ಬೋಧಕನು ದಾಸರ ವಿಧೇಯತೆಯನ್ನು ಕುರಿತ ಪೌಲನ ವಾಕ್ಯವನ್ನೇ ಪದೇಪದೇ ಬೋಧಿಸುತ್ತಿದ್ದನು, ಎಂದಾದರೂ ಸ್ವತಂತ್ರಳಾದರೆ ಆ ಭಾಗವನ್ನು ಓದುವುದಿಲ್ಲವೆಂದು ಆಕೆ ಅಂದೇ ನಿಶ್ಚಯಿಸಿದ್ದಳು. ಮಾರ್ಸಿಯನ್ ಕತ್ತರಿಸಿದನು, 1807ರ ಪುಸ್ತಕದವರು ಕತ್ತರಿಸಿದರು, ಈ ವೃದ್ಧೆಯೂ ಕತ್ತರಿಸಿದಳು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಧೈರ್ಯ ಯಾರಿಗೂ ಬರಲಾರದು. ಓದುಬಾರದ ಆಕೆ ತನ್ನ ಕಾಲದ ಅನೇಕ ಪಂಡಿತರಿಗಿಂತ ಕಥೆಯ ಓಟವನ್ನು ಚೆನ್ನಾಗಿ ಬಲ್ಲವಳಾಗಿದ್ದಳು.

1807ರ ಆ ಪುಸ್ತಕದ ಪ್ರತಿಗಳು ಇಂದು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಅವುಗಳಲ್ಲೊಂದು 2018ರ ಕೊನೆಯಲ್ಲಿ ವಾಷಿಂಗ್ಟನ್ನಿನ ಬೈಬಲ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿ ಬಹು ಜನರ ಗಮನ ಸೆಳೆಯಿತು. ಆ ಪ್ರತಿ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಫಿಸ್ಕ್ 1866ರಲ್ಲಿ, ಆಗತಾನೇ ಬಿಡುಗಡೆ ಹೊಂದಿದ ಗುಲಾಮರ ವಿದ್ಯಾಭ್ಯಾಸಕ್ಕಾಗಿ ಆರಂಭವಾದ ಶಾಲೆ. 1871ರಲ್ಲಿ ಅದು ಸಾಲದಿಂದ ಮುಚ್ಚುವ ಸ್ಥಿತಿಗೆ ಬಂದಾಗ, ಬಹುತೇಕ ಗುಲಾಮಗಿರಿಯಲ್ಲಿಯೇ ಹುಟ್ಟಿದ್ದ ಒಂಬತ್ತು ಮಂದಿ ವಿದ್ಯಾರ್ಥಿಗಳು ಹಣ ಸಂಗ್ರಹಿಸಲು ಊರೂರಿಗೆ ಹಾಡುತ್ತ ಹೊರಟರು. ಮುಂದೆ ಈ ಗಾಯಕವೃಂದ ಇಂಗ್ಲೆಂಡಿಗೂ ಹೋಯಿತು. ಅವರು ಹಾಡಿ ಪ್ರಸಿದ್ಧಗೊಳಿಸಿದ ಹಾಡುಗಳಲ್ಲಿ ಒಂದು ಐಗುಪ್ತದ ದಾಸ್ಯವನ್ನೂ ಮೋಶೆಯನ್ನೂ ಮುದುಕ ಫರೋಹನನ್ನೂ ಕುರಿತದ್ದು.